ಕಾಲೇಜಿಗೆ ರ‍್ಯಾಂಪ್ ಬರಬೇಕಾದರೆ: ಅಳತೆ ಟೇಪಿನಿಂದ ಆಯುಕ್ತರ ಕಚೇರಿವರೆಗೆ

ಡಿಗ್ರಿ ಎರಡನೇ ವರ್ಷದಲ್ಲಿ ನನ್ನ ಪರೀಕ್ಷೆ ಎರಡನೇ ಮಹಡಿಗೆ ಬಿತ್ತು. ನನ್ನ ಎರಡೂ ಕಾಲಿಗೆ ಕ್ಯಾಲಿಪರ್ ಅನ್ನುವ ಆಧಾರದ ಪಟ್ಟಿ, ಕಂಕುಳಲ್ಲಿ ಊರುಗೋಲು. "ಚಿಂತೆ ಮಾಡಬೇಡಮ್ಮ, ನಮ್ಮ ಹುಡುಗರು ಎತ್ತಿಕೊಂಡು ಹೋಗ್ತಾರೆ" ಅಂದರು ಒಬ್ಬ ಮೇಷ್ಟ್ರು. ಪಾಪ, ಒಳ್ಳೆ ಮನಸ್ಸಿನಿಂದಲೇ ಅಂದಿದ್ದು. ಹತ್ತೊಂಬತ್ತರ ಹುಡುಗಿಗೆ ಆ ಮಾತು ಹೇಗೆ ಕೇಳಿಸುತ್ತೆ ಅಂತ ಅವರಿಗೆ ಹೊಳೆಯಲೇ ಇಲ್ಲ. ಬೇಡ ಸಾರ್ ಅಂದೆ. ಕೂತುಕೊಂಡೇ, ಒಂದೊಂದು ಮೆಟ್ಟಿಲಾಗಿ ಹಿಮ್ಮುಖವಾಗಿ ಹತ್ತಿದೆ. ಸಿಟ್ಟಿಗೆ ಎಣಿಸುತ್ತಾ ಹೋದೆ. 44 ಮೆಟ್ಟಿಲು. ಮೇಲೆ ಹೋಗುವಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆದಿತ್ತು.

ಅವತ್ತು ಸಂಜೆ ಅತ್ತಿದ್ದು ನಿಜ. ಆದರೆ ನನ್ನ ಅಳುವಿಗೆ ಯಾರೂ ಉತ್ತರ ಬರೆಯಲಿಲ್ಲ. ಆ 44ಕ್ಕೆ ಬರೆದರು. ಮನವಿಯ ಮೊದಲ ಸಾಲಲ್ಲೇ "44 ಮೆಟ್ಟಿಲು, 20 ನಿಮಿಷ" ಅಂತ ಹಾಕಿದ್ದೆ. ಮುಂದಿನ ಪರೀಕ್ಷೆಗೆ ಕೊಠಡಿ ಕೆಳಗೆ ಬಂತು.

ಕಾಲೇಜು, ಹಾಸ್ಟೆಲ್, ಲೈಬ್ರರಿ, ಬಸ್ ನಿಲ್ದಾಣ, ಹೀಗೆ ಎಲ್ಲೋ ಒಂದು ಕಡೆ ಬಾಗಿಲಲ್ಲೇ ನಿಂತುಬಿಟ್ಟ ಅಂಗವಿಕಲ ಹುಡುಗ ಹುಡುಗಿಯರಿಗೆ, ಅವರ ಗೆಳೆಯರಿಗೆ ಇದನ್ನು ಬರೆಯುತ್ತಿದ್ದೇನೆ. ಮಾತು ಕಾಲೇಜಿನದು, ಯಾಕೆಂದರೆ ನನಗೆ ಗೊತ್ತಿರುವುದು ಅದೇ. ವಿಧಾನ ಎಲ್ಲ ಕಡೆಗೂ ಒಂದೇ.

ಮೊದಲು ಜೊತೆಗಾರರು

ಒಬ್ಬರೇ ಹೋದರೆ ಅದು "ಆ ಹುಡುಗಿಯ ತೊಂದರೆ" ಆಗುತ್ತದೆ. ಐದು ಜನ ಹೋದರೆ ಕಾಲೇಜಿನ ತೊಂದರೆ. ಹಾಗಾಗಿ ಮೊದಲ ಎರಡು ವಾರ ಬೇರೇನೂ ಮಾಡಬೇಡಿ, ಜನರನ್ನು ಹುಡುಕಿ.

ಇಲ್ಲಿ ಎಲ್ಲರೂ ಮಾಡುವ ತಪ್ಪನ್ನು ನಾನೂ ಮಾಡಿದೆ. ಊರುಗೋಲು, ವೀಲ್‌ಚೇರ್, ಕಪ್ಪು ಕನ್ನಡಕ, ಅಷ್ಟನ್ನೇ ಹುಡುಕಿದೆ. ಇಬ್ಬರು ಸಿಕ್ಕರು. ಆಮೇಲೆ ಕಾನೂನಿನ ಪಟ್ಟಿ ಓದಿದೆ. 1995ರ ಹಳೆಯ ಕಾಯ್ದೆಯಲ್ಲಿ 7 ಬಗೆ ಇದ್ದವು, 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ 21 ಇವೆ. ಥಲಸ್ಸೀಮಿಯಾ, ಹಿಮೋಫಿಲಿಯಾ, ಕುಡುಗೋಲು ಕಣ ರೋಗ (ಸಿಕಲ್ ಸೆಲ್), ಆಟಿಸಂ, ಓದು ಬರಹದ ಕಲಿಕಾ ತೊಂದರೆ, ಮಾನಸಿಕ ಅಸ್ವಸ್ಥತೆ, ಆಸಿಡ್ ದಾಳಿಯ ಗಾಯ, ಎಲ್ಲವೂ ಅದರಲ್ಲಿವೆ. ನಮ್ಮ ಪಕ್ಕದ ಬೆಂಚಿನಲ್ಲೇ ಕೂರುವ, ತಿಂಗಳಿಗೆ ಎರಡು ಸಲ ರಕ್ತ ಹಾಕಿಸಿಕೊಳ್ಳಲು ಹೋಗಿ ಅಟೆಂಡೆನ್ಸ್ ಕಳೆದುಕೊಳ್ಳುವ ಹುಡುಗನೂ ನಮ್ಮವನೇ. ಅವನಿಗೇ ಅದು ಗೊತ್ತಿರಲಿಲ್ಲ.

ಹುಡುಕುವ ಬಗೆ ಸುಲಭ. ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ, ಕ್ಲಾಸ್ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ. "ನಿಮಗೆ ಅಂಗವೈಕಲ್ಯ ಇದೆಯೇ?" ಅಂತ ಕೇಳಬೇಡಿ, ಯಾರೂ ಕೈ ಎತ್ತುವುದಿಲ್ಲ. "ಕಾಲೇಜಿನಲ್ಲಿ ಹತ್ತಲು, ಓದಲು, ಕೇಳಲು, ಬರೆಯಲು, ಕೂರಲು ಕಷ್ಟ ಆಗುವವರು ನನಗೆ ಒಂದು ಮೆಸೇಜ್ ಹಾಕಿ, ಹೆಸರು ಎಲ್ಲೂ ಹೇಳುವುದಿಲ್ಲ" ಅಂತ ಬರೆಯಿರಿ. ನಮಗೆ ಹನ್ನೊಂದು ಜನ ಸಿಕ್ಕರು. ಅದರಲ್ಲಿ ನಾಲ್ಕು ಜನ ಕೊನೆವರೆಗೂ ಹೆಸರು ಬರೆಸಲಿಲ್ಲ. ಅದು ಅವರ ಇಷ್ಟ, ಒತ್ತಾಯ ಬೇಡ.

ಬೇರೆ ಬೇರೆ ಬಗೆಯವರು ಇದ್ದಷ್ಟೂ ಬಲ ಜಾಸ್ತಿ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1977ರ ಏಪ್ರಿಲ್‌ನಲ್ಲಿ ನೂರಕ್ಕೂ ಹೆಚ್ಚು ಅಂಗವಿಕಲರು ಸರ್ಕಾರಿ ಕಟ್ಟಡವೊಂದರ ಒಳಗೆ ಸುಮಾರು 25 ದಿನ ಕೂತುಬಿಟ್ಟಿದ್ದರು. ಸರ್ಕಾರದ ದುಡ್ಡು ಪಡೆಯುವ ಸಂಸ್ಥೆಗಳು ಅಂಗವಿಕಲರನ್ನು ಹೊರಗಿಡಬಾರದು ಎಂಬ ಕಾನೂನಿಗೆ ನಿಯಮ ಹೊರಡಿಸಿ ಅನ್ನುವುದು ಅವರ ಬೇಡಿಕೆ. ಮುಂದೆ ನಿಂತವರಲ್ಲಿ ಜೂಡಿ ಹ್ಯೂಮನ್ ಒಬ್ಬರು, ಆಗ ಅವರಿಗಿನ್ನೂ 29 ವರ್ಷ. ಅಧಿಕಾರಿಗಳು ಫೋನ್ ಲೈನ್ ಕತ್ತರಿಸಿದರು. ಒಳಗಿದ್ದ ಕಿವಿ ಕೇಳದವರು ಕಿಟಕಿಗೆ ಬಂದು ಹೊರಗಿನವರ ಜೊತೆ ಸನ್ನೆ ಭಾಷೆಯಲ್ಲಿ ಮಾತಾಡಿದರು. ಫೋನ್ ಇಲ್ಲದ ಕಡೆ ಅವರೇ ಫೋನ್ ಆದರು! ಕೊನೆಗೆ ನಿಯಮಕ್ಕೆ ಸಹಿ ಬಿತ್ತು.

ಅಂಗವೈಕಲ್ಯ ಇಲ್ಲದ ಗೆಳೆಯರೂ ಬರಲಿ. ಟೇಪು ಹಿಡಿಯಲಿ, ಟೈಪ್ ಮಾಡಲಿ, ಬಸ್ಸಿಗೆ ಜಾಗ ಹಿಡಿಯಲಿ. ಮಾತಾಡುವುದು ಮಾತ್ರ ನಾವೇ. ಪ್ರಾಂಶುಪಾಲರ ಕೊಠಡಿಯಲ್ಲಿ ಅವರ ಕಣ್ಣು ತಾನಾಗಿ ನಮ್ಮ ಜೊತೆಗಿರುವ "ಸರಿಯಿರುವ" ಹುಡುಗನ ಕಡೆ ಹೋಗುತ್ತದೆ, ಪ್ರಶ್ನೆಯನ್ನೂ ಅವನಿಗೇ ಕೇಳುತ್ತಾರೆ. ಆಗ ಅವನು ಸುಮ್ನೆ ನಮ್ಮ ಕಡೆ ನೋಡಬೇಕು. ಇದನ್ನು ಮೊದಲೇ ಮಾತಾಡಿಕೊಳ್ಳಿ.

ಹೆಸರಿನ ಜಗಳ ಬೇಗ ಮುಗಿಸಿ

ಗುಂಪು ಸೇರಿದ ಕೂಡಲೇ ಒಂದು ಚರ್ಚೆ ಏಳುತ್ತದೆ. ಅಂಗವಿಕಲ ಅನ್ನಬೇಕೋ, ವಿಕಲಚೇತನ ಅನ್ನಬೇಕೋ, ವಿಶೇಷಚೇತನವೋ, ದಿವ್ಯಾಂಗವೋ? ನನ್ನ ಅಭಿಪ್ರಾಯ ಕೇಳಿದರೆ, ದಿವ್ಯವಾದದ್ದೇನೂ ನನ್ನ ಕಾಲಲ್ಲಿಲ್ಲ. ಚೇತನಕ್ಕೂ ಏನೂ ಆಗಿಲ್ಲ. ಅಂಗವಿಕಲೆ ಅಂತಲೇ ಹೇಳಿಕೊಳ್ಳುತ್ತೇನೆ. ನಮ್ಮ ರಾಜ್ಯದ ಇಲಾಖೆಯ ಹೆಸರು ಮಾತ್ರ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ. ಪತ್ರದಲ್ಲಿ ಕಾಯ್ದೆಯ ಪದ, ವಿಳಾಸದಲ್ಲಿ ಇಲಾಖೆಯ ಪದ, ನಿಮ್ಮ ನಿಮ್ಮ ನಡುವೆ ನಿಮಗೆ ಬೇಕಾದ ಪದ. ಇದರ ಮೇಲೆ ಅರ್ಧ ಗಂಟೆಗಿಂತ ಜಾಸ್ತಿ ಕಳೆಯಬೇಡಿ.

ಈಗ ಟೇಪು ತೆಗೆಯಿರಿ

ಈ ಇಡೀ ಬರಹದಲ್ಲಿ ಒಂದೇ ಭಾಗ ಓದುತ್ತೀರಿ ಅಂದರೆ ಇದನ್ನು ಓದಿ.

ಹಾರ್ಡ್‌ವೇರ್ ಅಂಗಡಿಯಲ್ಲಿ ಐದು ಮೀಟರಿನ ಅಳತೆ ಟೇಪು ತಗೊಳ್ಳಿ. ಒಂದು ನೋಟ್‌ಬುಕ್, ಒಂದು ಮೊಬೈಲ್. ಒಂದು ಶನಿವಾರ ಮಧ್ಯಾಹ್ನ ಗೇಟಿನಿಂದ ಶುರು ಮಾಡಿ. ಹೊಸ ವಿದ್ಯಾರ್ಥಿಯೊಬ್ಬ ಮೊದಲ ದಿನ ಹೋಗುವ ದಾರಿಯಲ್ಲೇ ಹೋಗಿ: ಗೇಟು, ಆಫೀಸು, ಕ್ಲಾಸು, ಲೈಬ್ರರಿ, ಶೌಚಾಲಯ, ಕುಡಿಯುವ ನೀರು, ಕ್ಯಾಂಟೀನು, ಪರೀಕ್ಷಾ ಕೊಠಡಿ. ಎಲ್ಲೆಲ್ಲಿ ನಿಲ್ಲಬೇಕಾಯಿತೋ ಅಲ್ಲಿ ಅಳೆಯಿರಿ, ಫೋಟೋ ತೆಗೆಯಿರಿ. ಫೋಟೋದಲ್ಲಿ ಟೇಪು ಕಾಣಬೇಕು.

ರ‍್ಯಾಂಪಿನ ಲೆಕ್ಕ ಬಾಯಿಪಾಠ ಮಾಡಿಕೊಳ್ಳಿ. ಇಳಿಜಾರು 1:12 ಇರಬೇಕು. ಅಂದರೆ ಒಂದು ಅಡಿ ಎತ್ತರ ಏರಲು ಹನ್ನೆರಡು ಅಡಿ ಉದ್ದ. ಬಾಗಿಲಲ್ಲಿ ಮೂರು ಮೆಟ್ಟಿಲಿವೆ, ಒಂದೊಂದು 15 ಸೆಂಟಿಮೀಟರ್ ಅಂದುಕೊಳ್ಳಿ. ಒಟ್ಟು 45. ಅದಕ್ಕೆ 12ರಿಂದ ಗುಣಿಸಿದರೆ 540 ಸೆಂಟಿಮೀಟರ್. ಐದೂವರೆ ಮೀಟರಿಗೆ ಸ್ವಲ್ಪ ಕಡಿಮೆ ಉದ್ದದ ರ‍್ಯಾಂಪ್ ಬೇಕು. ನಮ್ಮ ಕಾಲೇಜುಗಳಲ್ಲಿ ಏನಿರುತ್ತೆ ಗೊತ್ತಲ್ವಾ? ಬೈಕ್ ಹತ್ತಿಸಲು ಮೆಟ್ಟಿಲ ಮೇಲೆ ಸಿಮೆಂಟು ಸುರಿದಿರುತ್ತಾರೆ, ಅದನ್ನೇ ರ‍್ಯಾಂಪ್ ಅನ್ನುತ್ತಾರೆ. ಅದರಲ್ಲಿ ವೀಲ್‌ಚೇರ್ ಹತ್ತುವುದಿಲ್ಲ, ಇಳಿಯುವಾಗ ಮುಗ್ಗರಿಸುತ್ತದೆ. "ರ‍್ಯಾಂಪ್ ಇದೆಯಲ್ಲ" ಅಂದಾಗ ನಿಮ್ಮ ಕೈಯಲ್ಲಿ ಅಳತೆ ಇದ್ದರೆ ಮಾತು ಅಲ್ಲಿಗೆ ಮುಗಿಯುತ್ತದೆ.

ಇನ್ನು ಉಳಿದ ಅಳತೆಗಳು. ಬಾಗಿಲು ತೆರೆದಾಗ ಸಿಗುವ ಜಾಗ 900 ಮಿಲಿಮೀಟರ್ ಇರಬೇಕು. ವೀಲ್‌ಚೇರ್ ಪೂರ್ತಿ ತಿರುಗಲು 1500 ಮಿಲಿಮೀಟರ್ ಅಗಲದ ವೃತ್ತ ಬೇಕು. ಶೌಚಾಲಯದಲ್ಲಿ ಎಲ್ಲರೂ ಸೋಲುವುದು ಇಲ್ಲೇ. ಕೆಲವು ಕಡೆ "ವಿಕಲಚೇತನರ ಶೌಚಾಲಯ" ಅಂತ ಬೋರ್ಡ್ ಇರುತ್ತೆ, ಬಾಗಿಲಿಗೆ ಬೀಗ ಇರುತ್ತೆ, ಒಳಗೆ ಹಳೇ ಉತ್ತರ ಪತ್ರಿಕೆಗಳ ಮೂಟೆ ಇರುತ್ತೆ. ಆ ಬೀಗದ ಫೋಟೋ ಕೂಡ ಅಳತೆಯಷ್ಟೇ ಮುಖ್ಯ.

ಟೇಪಿಗೆ ಸಿಗದವೂ ಇವೆ. ಕಾಲೇಜಿನ ವೆಬ್‌ಸೈಟನ್ನು ಕಣ್ಣು ಕಾಣದ ಗೆಳತಿಯ ಫೋನಿನಲ್ಲಿ ಟಾಕ್‌ಬ್ಯಾಕ್ (ಪರದೆಯಲ್ಲಿರುವುದನ್ನು ಓದಿ ಹೇಳುವ ಸೌಲಭ್ಯ) ಹಾಕಿ ತೆರೆಯಿರಿ. ಸುತ್ತೋಲೆಗಳು ಸ್ಕ್ಯಾನ್ ಮಾಡಿದ ಚಿತ್ರಗಳಾಗಿದ್ದರೆ ಅವಳ ಫೋನು ಮೂಕವಾಗುತ್ತದೆ. ಪಾಠದ ನೋಟ್ಸ್ ಕೂಡ ಹಾಗೆಯೇ. ಲೆಕ್ಚರರ್ ಬೋರ್ಡಿಗೆ ಮುಖ ಮಾಡಿ ಪಾಠ ಹೇಳಿದರೆ ತುಟಿ ನೋಡಿ ಅರ್ಥ ಮಾಡಿಕೊಳ್ಳುವ ಹುಡುಗನಿಗೆ ಏನು ಸಿಗುತ್ತೆ? ಇವನ್ನೂ ಬರೆಯಿರಿ: ಯಾವ ವಿಷಯ, ಎಷ್ಟು ಪಾಠ, ಏನು ತಪ್ಪಿತು.

ಆಮೇಲೆ ಒಂದು ಗುಟ್ಟು. ನಿಮ್ಮ ಕಾಲೇಜು ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆ) ಮಾನ್ಯತೆಗೆ ಹೋಗಿದ್ದರೆ ಅದರ ಸ್ವಯಂ ಅಧ್ಯಯನ ವರದಿ ವೆಬ್‌ಸೈಟಿನಲ್ಲೇ ಇರುತ್ತದೆ. ಏಳನೇ ಮಾನದಂಡಕ್ಕೆ ಹೋಗಿ. ರ‍್ಯಾಂಪ್ ಅಥವಾ ಲಿಫ್ಟ್, ಅಂಗವಿಕಲರಿಗೆ ಸರಿಹೊಂದುವ ಶೌಚಾಲಯ, ಸೂಚನಾ ಫಲಕ, ಸ್ಕ್ರೀನ್ ರೀಡರ್‌ನಂಥ ತಂತ್ರಾಂಶ, ಬರೆದುಕೊಡುವವರ ವ್ಯವಸ್ಥೆ ಇದೆಯೇ ಎಂಬ ಪ್ರಶ್ನೆಗಳಿಗೆ ಕಾಲೇಜೇ ಉತ್ತರ ಕೊಟ್ಟಿರುತ್ತದೆ. ಬಹಳ ಸಲ ಎಲ್ಲದಕ್ಕೂ "ಇದೆ" ಅಂತ! ಆ ಪುಟದ ಪ್ರಿಂಟ್ ತೆಗೆದು ನಿಮ್ಮ ಫೋಟೋ ಪಕ್ಕದಲ್ಲಿಡಿ. ಬೈಯಬೇಕಾಗಿಲ್ಲ, ಎರಡನ್ನೂ ಮೇಜಿನ ಮೇಲಿಟ್ಟರೆ ಸಾಕು.

ಕಾನೂನು: ಇಷ್ಟು ಗೊತ್ತಿದ್ದರೆ ಸಾಕು

2016ರ ಕಾಯ್ದೆಯಲ್ಲಿ 102 ಕಲಮುಗಳಿವೆ. ಎಲ್ಲ ಓದಲು ಕೂತರೆ ಸೆಮಿಸ್ಟರ್ ಮುಗಿಯುತ್ತೆ. ವಿದ್ಯಾರ್ಥಿಗಳಿಗೆ ಬೇಕಾದ ಕೆಲವನ್ನು ಹೇಳುತ್ತೇನೆ.

16ನೇ ಕಲಂ: ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ಕಟ್ಟಡ, ಆವರಣ, ಸೌಲಭ್ಯಗಳನ್ನು ಅಂಗವಿಕಲರಿಗೆ ಸಿಗುವಂತೆ ಮಾಡಬೇಕು, ಒಬ್ಬೊಬ್ಬರ ಅಗತ್ಯಕ್ಕೆ ತಕ್ಕ ಹೊಂದಾಣಿಕೆಯನ್ನೂ ಕೊಡಬೇಕು. "ಮಾನ್ಯತೆ" ಅನ್ನುವ ಪದಕ್ಕೆ ಗೆರೆ ಹಾಕಿಕೊಳ್ಳಿ. ಖಾಸಗಿ ಕಾಲೇಜು ತಪ್ಪಿಸಿಕೊಳ್ಳದಂತೆ ಹಿಡಿಯುವ ಪದ ಅದು. 17ನೇ ಕಲಂ: ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರು (ಸ್ಕ್ರೈಬ್). 32ನೇ ಕಲಂ: ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 40 ಅಥವಾ ಹೆಚ್ಚು ಅಂಗವೈಕಲ್ಯ ಇರುವವರಿಗೆ ಕನಿಷ್ಠ ಶೇ 5 ಸೀಟು. 45ನೇ ಕಲಂ: ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳನ್ನು ನಿಯಮ ಬಂದ ಐದು ವರ್ಷದೊಳಗೆ ಸರಿಪಡಿಸಬೇಕು. ಶಿಕ್ಷಣಕ್ಕೆ ಬಳಸುವ ಕಟ್ಟಡ, ಅದು ಖಾಸಗಿಯಾಗಿದ್ದರೂ, ಈ ಲೆಕ್ಕಕ್ಕೆ ಬರುತ್ತದೆ. ನಿಯಮ ಬಂದಿದ್ದು 2017ರ ಜೂನ್‌ನಲ್ಲಿ. ಲೆಕ್ಕ ನೀವೇ ಹಾಕಿ.

ಪರೀಕ್ಷೆಯ ವಿಷಯದಲ್ಲಿ ಎರಡು ಮಾತು. ಹೆಚ್ಚುವರಿ ಸಮಯ ಗಂಟೆಗೆ ಕನಿಷ್ಠ 20 ನಿಮಿಷ, ಅಂದರೆ ಮೂರು ಗಂಟೆಯ ಪರೀಕ್ಷೆಗೆ ನಾಲ್ಕು ಗಂಟೆ. ಇನ್ನೊಂದು, "ನಿನ್ನ ಸರ್ಟಿಫಿಕೇಟಿನಲ್ಲಿ ಶೇ 40 ಇಲ್ಲ, ಸ್ಕ್ರೈಬ್ ಕೊಡೋಕಾಗಲ್ಲ" ಅಂದರೆ ವಿಕಾಸ್ ಕುಮಾರ್ ಪ್ರಕರಣ ಹೇಳಿ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಆ ಯುವಕನಿಗೆ ನಾಗರಿಕ ಸೇವಾ ಪರೀಕ್ಷೆಯಲ್ಲಿ ಸ್ಕ್ರೈಬ್ ನಿರಾಕರಿಸಿದ್ದರು. 2021ರ ಫೆಬ್ರವರಿ 11ರಂದು ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು: ಹೊಂದಾಣಿಕೆ ಪಡೆಯುವ ಹಕ್ಕಿಗೆ ಶೇ 40ರ ಗೆರೆ ಇಲ್ಲ. ಒಬ್ಬ ಹುಡುಗ ಹಟ ಹಿಡಿದಿದ್ದಕ್ಕೆ ಇವತ್ತು ಎಷ್ಟೋ ಜನ ಪರೀಕ್ಷೆ ಬರೆಯುತ್ತಿದ್ದಾರೆ.

ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಇಲ್ಲದವರು ಈಗಲೇ ಅರ್ಜಿ ಹಾಕಿಕೊಳ್ಳಿ. ಸೀಟು, ವಿದ್ಯಾರ್ಥಿವೇತನ, ಬಸ್ ಪಾಸು ಎಲ್ಲದಕ್ಕೂ ಅದನ್ನೇ ಕೇಳುತ್ತಾರೆ. ಹಳ್ಳಿಯವರಾದರೆ ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯು ಅಂತ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅವರಲ್ಲಿ ಬಹುತೇಕರು ಸ್ವತಃ ಅಂಗವಿಕಲರೇ. ಯಾವ ಆಸ್ಪತ್ರೆಯಲ್ಲಿ ಯಾವ ದಿನ ಡಾಕ್ಟರು ಸಿಗುತ್ತಾರೆ ಅನ್ನುವುದು ಗೂಗಲ್‌ಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಮನವಿ ಬರೆಯುವುದು

ಉದ್ದ ಬೇಡ. ಒಂದು ಪುಟ. ಕನ್ನಡದಲ್ಲೇ ಬರೆಯಿರಿ. "ನಾವು ಅಸಹಾಯಕರು", "ದಯಮಾಡಿ ಕರುಣೆ ತೋರಿ" ಈ ಎರಡು ಮಾತು ಎಲ್ಲೂ ಬರಬಾರದು. ನಮ್ಮ ಮೊದಲ ಕರಡಿನಲ್ಲಿ ಇದ್ದವು. ಕಣ್ಣು ಕಾಣದ ಗೆಳತಿ ಕೇಳಿಸಿಕೊಂಡು, "ಇದು ಮನವಿನಾ, ದೇವಸ್ಥಾನದ ಮುಂದೆ ಕೂರೋದಾ?" ಅಂದಳು. ಹರಿದು ಹಾಕಿದೆವು. ಕೊನೆಗೆ ನಿಂತ ರೂಪ ಸುಮಾರು ಹೀಗಿತ್ತು:

ವಿಷಯ: ತಳಮಹಡಿಯಲ್ಲಿ ಪರೀಕ್ಷಾ ಕೊಠಡಿ, ಮುಖ್ಯ ಬಾಗಿಲಿಗೆ ರ‍್ಯಾಂಪ್ ಮತ್ತು ಬಳಸಲು ಬರುವ ಶೌಚಾಲಯ ಒದಗಿಸುವ ಬಗ್ಗೆ.

ಮಾನ್ಯರೇ,

ಕಳೆದ ಪರೀಕ್ಷೆಯಲ್ಲಿ ನಮ್ಮಲ್ಲೊಬ್ಬರು ಕೊಠಡಿ ತಲುಪಲು 44 ಮೆಟ್ಟಿಲು ಹತ್ತಬೇಕಾಯಿತು, 20 ನಿಮಿಷ ಕಳೆಯಿತು. ಮುಖ್ಯ ಬಾಗಿಲಲ್ಲಿ ಒಟ್ಟು 45 ಸೆಂ.ಮೀ. ಎತ್ತರದ ಮೂರು ಮೆಟ್ಟಿಲುಗಳಿವೆ, ರ‍್ಯಾಂಪ್ ಇಲ್ಲ. ತಳಮಹಡಿಯ ಶೌಚಾಲಯದ ಬಾಗಿಲು 610 ಮಿ.ಮೀ. ಇದೆ. ಅಳತೆ ಮತ್ತು ಫೋಟೋಗಳನ್ನು ಲಗತ್ತಿಸಿದ್ದೇವೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರ ಕಲಂ 16ರ ಪ್ರಕಾರ ಈ ಕೆಳಗಿನವನ್ನು ಒದಗಿಸಬೇಕೆಂದು ಕೋರುತ್ತೇವೆ:

1. ಮುಂದಿನ ಪರೀಕ್ಷೆಯಿಂದಲೇ ತಳಮಹಡಿಯ ಕೊಠಡಿ.
2. ಬೀಗ ಹಾಕಿರುವ ಶೌಚಾಲಯವನ್ನು 15 ದಿನದೊಳಗೆ ತೆರೆಯುವುದು.
3. 1:12 ಇಳಿಜಾರಿನ, ಎರಡೂ ಬದಿ ಕೈಹಿಡಿ ಇರುವ ರ‍್ಯಾಂಪಿಗೆ ಅಂದಾಜು ಪಟ್ಟಿ ತಯಾರಿಸಿ ಕಾಲೇಜು ಅಭಿವೃದ್ಧಿ ಸಮಿತಿಯ ಮುಂದಿಡುವುದು.

ತೆಗೆದುಕೊಂಡ ಕ್ರಮವನ್ನು 30 ದಿನದೊಳಗೆ ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.

ಬೇಡಿಕೆಗಳ ಸಾಲನ್ನು ಗಮನಿಸಿ. ಮೊದಲನೆಯದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಎರಡನೆಯದಕ್ಕೆ ಬೀಗದ ಕೈ ಸಾಕು. ಮೂರನೆಯದಕ್ಕೆ ದುಡ್ಡು ಬೇಕು. ಕಾಸಿಲ್ಲದ ಕೆಲಸವನ್ನು ಮೊದಲು ಕೇಳಿದರೆ "ಗ್ರಾಂಟ್ ಇಲ್ಲಮ್ಮ" ಅನ್ನುವ ಮಾತು ಬರುವುದಕ್ಕೆ ದಾರಿ ಇರುವುದಿಲ್ಲ. ಅದನ್ನು ಮಾಡಿಕೊಟ್ಟ ಮೇಲೆ ಅವರಿಗೂ ನಿಮ್ಮ ಮೇಲೆ ಒಂದು ವಿಶ್ವಾಸ ಬರುತ್ತದೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಾದರೆ ಅಭಿವೃದ್ಧಿ ಸಮಿತಿಗೆ ಸಾಮಾನ್ಯವಾಗಿ ಶಾಸಕರೇ ಅಧ್ಯಕ್ಷರು. ಒಂದು ಪ್ರತಿ ಅವರಿಗೂ ಕಳಿಸಿ.

ಕೊಡುವಾಗ ಎರಡು ಪ್ರತಿ ಒಯ್ಯಿರಿ. ಒಂದು ಅವರಿಗೆ. ಇನ್ನೊಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಂಡು ವಾಪಸ್ ತನ್ನಿ. ಇದಕ್ಕೆ ಸ್ವೀಕೃತಿ ಅನ್ನುತ್ತಾರೆ. "ಇಟ್ಟು ಹೋಗಿ, ನಾನು ನೋಡ್ತೀನಿ" ಅಂತಾರೆ. ನಗುನಗುತ್ತಾ ಅಲ್ಲೇ ನಿಲ್ಲಿ. ಸೀಲು ಇಲ್ಲದ ಮನವಿಯನ್ನು ನೀವು ಕೊಟ್ಟೇ ಇಲ್ಲ ಅಂತ ಲೆಕ್ಕ. ತೀರಾ ಹಾಕಿಕೊಡದಿದ್ದರೆ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿಸಿ, ರಸೀದಿ ಇಟ್ಟುಕೊಳ್ಳಿ.

ಉತ್ತರ ಬರದಿದ್ದರೆ

ಬರುವುದಿಲ್ಲ. ಮೊದಲ ಸಲ ಬಂದರೆ ನಿಮ್ಮ ಅದೃಷ್ಟ.

ಮೂವತ್ತು ದಿನ ಆದ ಮೇಲೆ ಒಂದು ನೆನಪೋಲೆ. ಹಳೇ ಮನವಿಯ ದಿನಾಂಕ, ಸ್ವೀಕೃತಿ ಪ್ರತಿ ಜೊತೆಗಿರಲಿ. ಆಮೇಲೂ ಮೌನವಾದರೆ ಮಾಹಿತಿ ಹಕ್ಕು ಅರ್ಜಿ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ದಾಟಬಾರದು ಅಂತ ನಮ್ಮ ರಾಜ್ಯದ ನಿಯಮ. ಉತ್ತರಕ್ಕೆ 30 ದಿನ. "ಯಾಕೆ ರ‍್ಯಾಂಪ್ ಕಟ್ಟಿಲ್ಲ?" ಅಂತ ಕೇಳಬೇಡಿ, ಅಭಿಪ್ರಾಯ ಕೊಡಲು ಬರುವುದಿಲ್ಲ ಅಂತ ಉತ್ತರ ಬರುತ್ತದೆ. ದಾಖಲೆ ಕೇಳಿ: "ಇಂಥ ದಿನಾಂಕದ ನಮ್ಮ ಮನವಿಯ ಮೇಲೆ ಕಡತದಲ್ಲಿ ಬರೆದಿರುವ ಟಿಪ್ಪಣಿಗಳ ಪ್ರತಿ", "ಕಳೆದ ಮೂರು ವರ್ಷದಲ್ಲಿ ಕಟ್ಟಡ ದುರಸ್ತಿಗೆ ಬಂದ ಅನುದಾನ ಮತ್ತು ಖರ್ಚಿನ ವಿವರ". ನಮಗೆ ಟಿಪ್ಪಣಿ ಹಾಳೆ ಕೈಗೆ ಬಂದಾಗ ಅದರಲ್ಲಿ ಒಂದೇ ಪದ ಇತ್ತು: "ಕಡತಕ್ಕೆ". ಅಂದರೆ ಓದಿ ಒಳಗಿಟ್ಟರು ಅಂತ. ಆ ಒಂದು ಪದ ಮುಂದೆ ತುಂಬಾ ಉಪಯೋಗಕ್ಕೆ ಬಂತು. ಅನುದಾನವಿಲ್ಲದ ಖಾಸಗಿ ಕಾಲೇಜಿಗೆ ನೇರವಾಗಿ ಅರ್ಜಿ ನಡೆಯುವುದು ಕಷ್ಟ. ಅದಕ್ಕೆ ಸಂಯೋಜನೆ ಕೊಟ್ಟಿರುವ ವಿಶ್ವವಿದ್ಯಾಲಯಕ್ಕೆ ಹಾಕಿ.

ಮುಂದಿನ ಬಾಗಿಲು ಅಂಗವಿಕಲ ವ್ಯಕ್ತಿಗಳ ಅಧಿನಿಯಮದ ರಾಜ್ಯ ಆಯುಕ್ತರದು. ಕಚೇರಿ ಬೆಂಗಳೂರಿನಲ್ಲಿದೆ. ಅಂಚೆಯಲ್ಲೂ ದೂರು ಕಳಿಸಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಆಯುಕ್ತರಿಗೆ ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಸಿವಿಲ್ ಕೋರ್ಟಿನ ಅಧಿಕಾರ ಇದೆ. ಅವರು ಶಿಫಾರಸು ಮಾಡಿದರೆ ಸಂಬಂಧಪಟ್ಟವರು ಮೂರು ತಿಂಗಳೊಳಗೆ ಕ್ರಮದ ವಿವರ ಕೊಡಬೇಕು, ಒಪ್ಪದಿದ್ದರೆ ಕಾರಣ ಹೇಳಬೇಕು. ಆಯುಕ್ತರು ಜಿಲ್ಲೆಗಳಿಗೆ ಬಂದು ಅದಾಲತ್ ನಡೆಸುವುದೂ ಉಂಟು. ಅದರ ದಿನಾಂಕ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ದೂರಿನ ಜೊತೆ ಇಡಬೇಕಾದ್ದು: ಮನವಿ, ಸ್ವೀಕೃತಿ, ನೆನಪೋಲೆ, ಮಾಹಿತಿ ಹಕ್ಕಿನ ಉತ್ತರ, ಅಳತೆ ಪಟ್ಟಿ, ಫೋಟೋ, ನ್ಯಾಕ್ ಪುಟ. ಇವಿಷ್ಟು ಒಂದೇ ಕಡತದಲ್ಲಿದ್ದರೆ ನೀವು ಬಾಯಿ ಬಿಡುವ ಮೊದಲೇ ಅರ್ಧ ಕೆಲಸ ಆಗಿರುತ್ತದೆ.

92ನೇ ಕಲಂ ಬಗ್ಗೆ ಒಂದು ಎಚ್ಚರಿಕೆ. ಸಾರ್ವಜನಿಕವಾಗಿ ಬೇಕೆಂದೇ ಅವಮಾನ ಮಾಡಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಅನ್ನುತ್ತದೆ ಅದು. ನಿಜವಾಗಿ ಹಾಗಾದರೆ ಖಂಡಿತ ಬಳಸಿ. ರ‍್ಯಾಂಪ್ ಕಟ್ಟದ ಪ್ರಾಂಶುಪಾಲರನ್ನು ಹೆದರಿಸಲು ಬಳಸಬೇಡಿ. ಒಂದು ಸಲ ಹಾಗೆ ಮಾಡಿದರೆ ಆಮೇಲೆ ನಿಮ್ಮ ಅಳತೆಯನ್ನೂ ಯಾರೂ ನಂಬುವುದಿಲ್ಲ.

ಬೀದಿಗಿಳಿಯುವುದು ಯಾವಾಗ?

ಕಾಗದ ಸೋತ ಮೇಲೆ. ಕಾಗದ ಇಲ್ಲದೆ ಬೀದಿಗಿಳಿದರೆ "ಮೊದಲು ಮನವಿ ಕೊಟ್ಟಿದ್ರಾ?" ಅಂತ ಕೇಳಿ ಕಳಿಸುತ್ತಾರೆ.

ಹಾಗಂತ ಬೀದಿಯನ್ನು ಕಡೆಗಣಿಸುವಂತಿಲ್ಲ. ಈ ದೇಶದಲ್ಲಿ ನಮಗೆ ಕಾನೂನು ಸಿಕ್ಕಿದ್ದೇ ಬೀದಿಯಿಂದ. 1980ರ ಮಾರ್ಚ್ 16ರಂದು ದೆಹಲಿಯಲ್ಲಿ ಕೆಲಸ ಕೇಳಿ ಮೆರವಣಿಗೆ ಹೊರಟ ಅಂಧರ ಮೇಲೆ ಪೊಲೀಸರು ಲಾಠಿ ಬೀಸಿದರು. 1995ರ ಡಿಸೆಂಬರ್ 19ರಂದು ಅಂಗವಿಕಲರ ಹಕ್ಕುಗಳ ಹೋರಾಟಗಾರ ಜಾವೇದ್ ಅಬಿದಿ ಮತ್ತು ಗೆಳೆಯರು ವೀಲ್‌ಚೇರ್, ಊರುಗೋಲುಗಳ ಜೊತೆ ಸಂಸತ್ತಿನ ಬಳಿ ಬಂದರು. ಅಬಿದಿಗೆ ಆಗ 30 ವರ್ಷ. ಅದೇ ವಾರ ಮೊದಲ ಅಂಗವಿಕಲರ ಕಾಯ್ದೆ ಪಾಸಾಯಿತು. ಅಲ್ಲಿಗೆ ಸುಮ್ಮನಾಗಲಿಲ್ಲ ಅವರು. ಜನಗಣತಿಯಲ್ಲಿ ನಮ್ಮನ್ನು ಎಣಿಸಿ ಅಂತ ಮತ್ತೆ ಧರಣಿ ಕೂತರು, 2001ರ ಗಣತಿಯಲ್ಲಿ ಆ ಪ್ರಶ್ನೆ ಸೇರಿತು. 2011ರ ಗಣತಿಯಲ್ಲಿ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರು ಅಂತ ಬಂದ ಲೆಕ್ಕದ ಹಿಂದೆ ಆ ಧರಣಿ ಇದೆ. ಮೆಟ್ಟಿಲು ಎಣಿಸುವುದಕ್ಕೂ ಜನರನ್ನು ಎಣಿಸುವುದಕ್ಕೂ ನನಗೇನೂ ವ್ಯತ್ಯಾಸ ಕಾಣುವುದಿಲ್ಲ.

ನಮ್ಮ ಕಡೆಯ ಒಂದು ಹೆಸರು ಹೇಳಲೇಬೇಕು. ಬಳ್ಳಾರಿ ಕಡೆಯ ಅಶ್ವಿನಿ ಅಂಗಡಿ ಹುಟ್ಟಿನಿಂದ ಕಣ್ಣು ಕಾಣದವರು. ತಾವು ಓದುವಾಗ ಪಟ್ಟ ಕಷ್ಟವನ್ನೇ ಹಿಡಿದು ಅಂಗವಿಕಲ ವಿದ್ಯಾರ್ಥಿಗಳ ಪರವಾಗಿ ದನಿ ಎತ್ತಿದರು. 2013ರಲ್ಲಿ ವಿಶ್ವಸಂಸ್ಥೆಯ ಯೂತ್ ಕರೇಜ್ ಪ್ರಶಸ್ತಿ ಅವರಿಗೆ ಬಂತು.

ಇನ್ನು ಪ್ರತಿಭಟನೆಯ ಲೆಕ್ಕಾಚಾರ. ಬೆಂಗಳೂರಿನಲ್ಲಾದರೆ ಫ್ರೀಡಂ ಪಾರ್ಕ್, ಪೊಲೀಸರ ಅನುಮತಿ ಮೊದಲೇ ಬೇಕು. ಜಿಲ್ಲೆಗಳಲ್ಲಿ ಸಾಮಾನ್ಯವಾಗಿ ಡಿಸಿ ಕಚೇರಿ ಮುಂದೆ, ಅಲ್ಲೂ ಠಾಣೆಗೆ ಪತ್ರ ಕೊಡಿ. ಜಾಗ ನೋಡಲು ಹಿಂದಿನ ದಿನವೇ ಹೋಗಿ. ಹತ್ತಿರದಲ್ಲಿ ನಾವು ಬಳಸಬಹುದಾದ ಶೌಚಾಲಯ ಎಲ್ಲಿದೆ? ಇದು ಮೊದಲ ಪ್ರಶ್ನೆ, ಬ್ಯಾನರ್ ಆಮೇಲೆ. ಶೌಚಾಲಯ ಇಲ್ಲ ಅಂತ ಬೆಳಗಿನಿಂದ ನೀರು ಕುಡಿಯದೆ ಕೂತು ತಲೆಸುತ್ತಿ ಬಿದ್ದವರನ್ನು ನೋಡಿದ್ದೇನೆ. ನೆರಳು, ನೀರು, ಮಾತ್ರೆ ತಗೊಳ್ಳುವವರ ಪಟ್ಟಿ, ವಾಪಸ್ ಹೋಗುವ ಬಸ್ಸಿನ ಸಮಯ, ಸನ್ನೆ ಭಾಷೆ ಬಲ್ಲ ಒಬ್ಬರು, ಇವೆಲ್ಲ ಮೊದಲೇ ತೀರ್ಮಾನವಾಗಲಿ. ಎರಡು ಗಂಟೆ ಸಾಕು. ಇಡೀ ದಿನ ಕೂತು ಸುಸ್ತಾಗುವುದಕ್ಕಿಂತ ಎರಡು ಗಂಟೆ ಕೂತು, ಮನವಿ ಕೊಟ್ಟು, ಸ್ವೀಕೃತಿ ತಗೊಂಡು ಮನೆಗೆ ಹೋಗುವುದು ಮೇಲು.

ದಿನ ಆರಿಸುವುದರಲ್ಲೂ ಜಾಣತನ ಇದೆ. ಡಿಸೆಂಬರ್ 3 ವಿಶ್ವ ಅಂಗವಿಕಲರ ದಿನ. ಅವತ್ತು ಎಲ್ಲ ಕಡೆ ಕಾರ್ಯಕ್ರಮ. ನಮ್ಮನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತಾರೆ. ಆ ವೇದಿಕೆಗೂ ರ‍್ಯಾಂಪ್ ಇರುವುದಿಲ್ಲ. ಕರೆದರೆ ಹೋಗಿ, ಕೆಳಗೇ ನಿಂತು ಮೈಕ್ ಕೇಳಿ. ಶಾಲಿನ ಬದಲು ಮನವಿ ಪತ್ರಕ್ಕೆ ಅಲ್ಲೇ ಸಹಿ ಹಾಕಿಸಿಕೊಳ್ಳಿ. ಪತ್ರಿಕೆಯವರು ಅಲ್ಲೇ ಇರುತ್ತಾರೆ.

ಫೋನು ಮತ್ತು ಫೋಟೋ

ಸೋಶಿಯಲ್ ಮೀಡಿಯಾ ಬಗ್ಗೆ ನಿಮಗೆ ನಾನು ಹೇಳಿಕೊಡಬೇಕಾದ್ದು ಕಡಿಮೆ. ಎರಡೇ ಮಾತು. ಯಾರನ್ನಾದರೂ ಎತ್ತಿಕೊಂಡು ಹೋಗುವ, ತೆವಳುವ ವಿಡಿಯೋವನ್ನು ಅವರ ಒಪ್ಪಿಗೆ ಇಲ್ಲದೆ ಹಾಕಬೇಡಿ. ಮೆಟ್ಟಿಲಿನ ಫೋಟೋ ಹಾಕಿ, ಮನುಷ್ಯರದ್ದು ಬೇಡ. ಇನ್ನೊಂದು, ಹಾಕಿದ ಪ್ರತಿ ಚಿತ್ರದಲ್ಲಿ ಏನಿದೆ ಅಂತ ಕೆಳಗೆ ಒಂದು ಸಾಲು ಬರೆಯಿರಿ, ವಿಡಿಯೋಗೆ ಅಕ್ಷರ ಹಾಕಿ. ನಮ್ಮ ಪೋಸ್ಟೇ ನಮ್ಮವರಿಗೆ ತಲುಪದಿದ್ದರೆ ಹೇಗೆ?

ಮನೆಯವರು, ಓದು, ಸುಸ್ತು

"ಇದೆಲ್ಲ ಯಾಕೆ ಮಗಾ, ಓದು ಮುಗಿಸು, ಇಂಟರ್ನಲ್ ಮಾರ್ಕ್ಸ್ ಅವರ ಕೈಯಲ್ಲಿದೆ" ಅಂತ ಅಮ್ಮ ಅಂದರು. ಅವರ ಭಯ ಸುಳ್ಳಲ್ಲ. ಅದಕ್ಕೇ ಮನವಿಯ ಮೇಲೆ ಒಬ್ಬರದೇ ಸಹಿ ಇರಬಾರದು. ನಮ್ಮದರಲ್ಲಿ 63 ಸಹಿ ಇತ್ತು, ಎಲ್ಲವೂ ವೃತ್ತಾಕಾರದಲ್ಲಿ. ಮೊದಲು ಯಾರು ಹಾಕಿದ್ದು ಅಂತ ಗೊತ್ತಾಗುವುದಿಲ್ಲ. ಪರೀಕ್ಷೆಗೆ ಮೂರು ವಾರ ಇದ್ದಾಗ ಎಲ್ಲ ಕೆಲಸ ನಿಲ್ಲಿಸಿ. ನೋವು ಜಾಸ್ತಿ ಇರುವ ದಿನ ಸಭೆಗೆ ಬರದಿದ್ದರೆ ಯಾರೂ ಕಾರಣ ಕೇಳಬಾರದು ಅಂತ ನಮ್ಮ ಗುಂಪಿನಲ್ಲೊಂದು ನಿಯಮ ಇತ್ತು. ನಾವು ಮಾಡಿದ ನಿಯಮಗಳಲ್ಲಿ ಒಳ್ಳೆಯದು ಅದೇ ಅಂತ ಈಗಲೂ ಅನ್ನಿಸುತ್ತದೆ.

ಕಡತ ಕೈ ಬದಲಿಸುವುದು

ಮೂರು ವರ್ಷಕ್ಕೆ ನೀವು ಕಾಲೇಜು ಬಿಡುತ್ತೀರಿ. ಆಫೀಸಿನವರಿಗೂ ಇದು ಗೊತ್ತು. ಅವರು ಕಾಯುತ್ತಾರೆ. ಆದ್ದರಿಂದ ಎರಡನೇ ವರ್ಷದಲ್ಲೇ ಮೊದಲ ವರ್ಷದ ಇಬ್ಬರನ್ನು ಜೊತೆಗೆ ಕರೆದುಕೊಂಡು ಓಡಾಡಿ. ಸ್ವೀಕೃತಿ ಹೇಗೆ ತಗೊಳ್ಳುವುದು, ಯಾವ ಗುಮಾಸ್ತರು ಮಧ್ಯಾಹ್ನದ ಮೇಲೆ ಒಳ್ಳೆ ಮೂಡಿನಲ್ಲಿರುತ್ತಾರೆ, ಎಲ್ಲ ಅವರಿಗೆ ಗೊತ್ತಿರಲಿ. ಕಡತದ ಎಲ್ಲ ಹಾಳೆ ಸ್ಕ್ಯಾನ್ ಮಾಡಿ, ಅಕ್ಷರ ಓದಲು ಬರುವಂತೆ ಟೈಪ್ ಮಾಡಿದ ಪ್ರತಿಯೂ ಇರಲಿ. ಟೇಪನ್ನೂ ಕೊಟ್ಟುಬಿಡಿ.

ನಮ್ಮ ಕಾಲೇಜಿಗೆ ರ‍್ಯಾಂಪ್ ಬಂದಿದ್ದು ನಾನು ಬಿಟ್ಟು ಒಂದೂವರೆ ವರ್ಷದ ಮೇಲೆ. ಒಂದು ಮಾರ್ಚ್ ತಿಂಗಳ ಕೊನೆಯಲ್ಲಿ, ಉಳಿದ ಗ್ರಾಂಟ್ ಖರ್ಚು ಮಾಡುವ ಗಡಿಬಿಡಿಯಲ್ಲಿ ಕಟ್ಟಿದ್ದಂತೆ. ಜೂನಿಯರ್ ಹುಡುಗಿ ಫೋಟೋ ಕಳಿಸಿದಳು. ಹಸಿ ಸಿಮೆಂಟು, ಹಳದಿ ಬಣ್ಣದ ಕೈಹಿಡಿ, ಮೇಲಿಂದ ಕೆಳಗೆ ಉದ್ದಕ್ಕೆ ಎಳೆದ ಟೇಪು. ನನಗೆ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಕೆಳಗೆ ಇನ್ನೊಂದು ಮೆಸೇಜ್:

"ಅಕ್ಕ, ಅಳೆದೆ. 1:9 ಇದೆ. ಸೋಮವಾರ ಪತ್ರ ಕೊಡ್ತೀವಿ."